‘ಅಹೆಮ್’ ಅಂದ್ರೆ ಬೈದಿದ್ದಾ, ತಮಾಷೆನಾ?

ಪ್ರಶ್ನೆ: ಸರ್, ನಮ್ಮೂರು ದಾವಣಗೆರೆ ಹತ್ರ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಈಗ ಬೆಂಗಳೂರಲ್ಲಿ ಕೆಲಸ, ನಮ್ಮ ಕ್ಲೈಂಟ್ ಇಂಗ್ಲೆಂಡಿನವರು. ಹೋದ ತಿಂಗಳು ಒಂದು ರಿಪೋರ್ಟ್ ಮೇಲ್ ಮಾಡ್ದೆ, ಅಟ್ಯಾಚ್‌ಮೆಂಟ್ ಹಾಕೋದೇ ಮರೆತಿದ್ದೆ. ಅಲ್ಲಿನ ಮ್ಯಾನೇಜರ್ ಒಂದೇ ಸಾಲಲ್ಲಿ ‘ಅಹೆಮ್. ಅಟ್ಯಾಚ್‌ಮೆಂಟ್?’ ಅಂತ ಕಳಿಸಿದ್ರು. ಡಿಕ್ಷನರಿ ತೆಗೆದ್ರೆ ಗಮನ ಸೆಳೆಯೋಕೆ ಗಂಟಲು ಸರಿಮಾಡಿಕೊಳ್ಳೋ ಸದ್ದು ಅಂತಿತ್ತು. ಬೈದ್ರೋ ತಮಾಷೆ ಮಾಡಿದ್ರೋ ಗೊತ್ತಾಗ್ದೆ ಮೂರು ಪ್ಯಾರಾ ಸಾರಿ ಬರೆದೆ, ಅವರು ‘ನೋ ವರೀಸ್’ ಅಂದು ಸುಮ್ಮನಾದ್ರು. ಇದೇನೋ ಮ್ಯಾನರ್ಸ್ ಪದ ಇರ್ಬೇಕು ಅಂದ್ಕೊಂಡು ಮುಂದಿನ ವಾರ ಕಾಲ್‌ನಲ್ಲಿ ಮಧ್ಯೆ ಮಾತಾಡ್ಬೇಕಾದಾಗ ಮೈಕ್ ಆನ್ ಮಾಡಿ ಸ್ಪಷ್ಟವಾಗಿ ‘ಅಹೆಮ್’ ಅಂದೆ. ಎಲ್ರೂ ನಕ್ಕುಬಿಟ್ರು. ಚಾಟ್‌ನಲ್ಲಿ ‘ಹ್ಮ್’ ಅಂತ ಹಾಕಿದ್ರೆ ‘ಏನಾದ್ರೂ ಸರಿ ಇಲ್ವಾ?’ ಅಂತ ಕೇಳ್ತಾರೆ. ಅಪ್ರೈಸಲ್‌ನಲ್ಲಿ ನಮ್ಮ ಲೀಡು ‘ಮಾತಲ್ಲಿ ಫಿಲ್ಲರ್ಸ್ ಜಾಸ್ತಿ’ ಅಂತ ಬೇರೆ ಬರೆದಿದ್ದಾರೆ. ಗ್ರಾಮರ್ ಕಲಿತೆ ಸರ್, ಈ ಕೆಮ್ಮು ಕ್ಯಾಕರಿಕೆ ಎಲ್ಲಿ ಕಲೀಲಿ? ಇನ್ನೊಂದು, ಆ ಮ್ಯಾನೇಜರ್ರೇ ಒಂದಿನ ಅಟ್ಯಾಚ್‌ಮೆಂಟ್ ಮರೆತ್ರೆ ನಾನೂ ‘ಅಹೆಮ್’ ಅನ್ನಬಹುದಾ?

ಉತ್ತರ: ಮೊದಲು ಸಮಾಧಾನ ಮಾಡ್ಕೊಳ್ಳಿ, ಅವರು ಬೈದಿಲ್ಲ. ಅಟ್ಯಾಚ್‌ಮೆಂಟ್ ಮರೆತವರಿಗೆ ಇಂಗ್ಲೆಂಡಿನ ಆಫೀಸಲ್ಲಿ ಒಬ್ರಿಗೊಬ್ರು ಹೇಳೋ ಅತೀ ಹಗುರವಾದ ಮಾತು ಅದು, ನಮ್ಮಲ್ಲಿ ಸಾರು ಬಡಿಸಿ ಅನ್ನ ಹಾಕೋದು ಮರೆತವರಿಗೆ ‘ಏನಮ್ಮಾ, ಅನ್ನ ನಾವೇ ತರ್ಬೇಕಾ?’ ಅಂತೀವಲ್ಲ, ಅಷ್ಟೇ. ನಿಮ್ಮ ಮೂರು ಪ್ಯಾರಾ ಸಾರಿ ನೋಡಿ ಪಾಪ ಅವರೇ ಗಾಬರಿ ಬಿದ್ದಿರ್ತಾರೆ.

ಆದ್ರೆ ನಿಮ್ಮ ಗೊಂದಲ ಸಣ್ಣದಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇಂಗ್ಲಿಷ್ ಪಾಠ ಮಾಡಿದೀನಿ, ಮೊದಲು ಕಾಲೇಜಲ್ಲಿ, ಆಮೇಲೆ ನಿಮ್ಮಂಥ ಆಫೀಸಿನವರಿಗೆ, ಟೆನ್ಸ್ ತಪ್ಪಾದ್ರೆ ಯಾರೂ ಕೆಲಸ ಕಳ್ಕೊಂಡಿದ್ದು ನೋಡಿಲ್ಲ, ಆದ್ರೆ ಒಂದು ‘ಹ್ಮ್’ನಿಂದ ಮನಸ್ಸು ಕೆಟ್ಟಿದ್ದು ಬೇಕಾದಷ್ಟು ನೋಡಿದೀನಿ. ಇವನ್ನ ಯಾವ ಸಿಲಬಸ್ಸಲ್ಲೂ ಹೇಳ್ಕೊಡಲ್ಲ, ಯಾಕಂದ್ರೆ ಹೇಳ್ಕೊಡೋರಿಗೇ ಇದು ಭಾಷೆ ಅಂತ ಅನ್ಸಿರಲ್ಲ.

ಈ ಅಹೆಮ್ ಏನು ಅಂತ ನೋಡೋಕೆ ಇಂಗ್ಲೆಂಡಿಗೆ ಹೋಗೋ ಮುಂಚೆ ನಮ್ಮನೆ ಬಚ್ಚಲಿಗೆ ಹೋಗೋಣ. ನಮ್ಮಜ್ಜಿ ಮನೇಲಿ ಬಚ್ಚಲಿಗೆ ಚಿಲಕ ಇರ್ಲಿಲ್ಲ, ತಗಡಿನ ಬಾಗಿಲು ಸುಮ್ನೆ ಒರಗಿಸಿರೋದು. ಹೊರಗಡೆ ಚಪ್ಪಲಿ ಸದ್ದು ಕೇಳಿದ್ರೆ ಒಳಗಿದ್ದೋರು ಒಂದು ಸಲ ಕೆಮ್ಮಬೇಕು. ಅದರ ಅರ್ಥ ‘ಒಳಗಡೆ ಇದೀನಿ, ಬರ್ಬೇಡ’. ಅದೇ ನಮ್ಮಜ್ಜ ಹೊಲದಿಂದ ಬಂದು ನಡುಮನೆಗೆ ಕಾಲಿಡೋ ಮುಂಚೆ ಹೊಸ್ತಿಲ ಹತ್ರ ನಿಂತು ಗಂಟಲಲ್ಲಿ ಒಂದು ಸದ್ದು ಮಾಡೋರು, ಸೊಸೆಯಂದ್ರು ಸೆರಗು ಸರಿ ಮಾಡ್ಕೊಂಡು ಎದ್ದು ನಿಲ್ಲೋರು. ಅದರ ಅರ್ಥ ‘ಒಳಗಡೆ ಬರ್ತಾ ಇದೀನಿ’. ನೋಡಿ, ಸದ್ದು ಹೆಚ್ಚುಕಮ್ಮಿ ಒಂದೇ, ಅರ್ಥ ತಿರುಗಾಮುರುಗಾ, ಆದ್ರೂ ಮನೇಲಿ ಒಬ್ರಿಗೂ ತಪ್ಪು ತಿಳುವಳಿಕೆ ಆಗ್ಲಿಲ್ಲ. ಯಾರು, ಎಲ್ಲಿ ನಿಂತು, ಯಾರಿಗೆ ಅನ್ನೋದು ಗೊತ್ತಿತ್ತಲ್ಲ, ಅದಕ್ಕೆ.

ಇಂಗ್ಲಿಷಿನೋರೂ ಇದನ್ನೇ ಮಾಡ್ತಾರೆ, ಒಂದೇ ವ್ಯತ್ಯಾಸ ಅಂದ್ರೆ ಅವರು ಆ ಸದ್ದಿಗೆ ಸ್ಪೆಲಿಂಗ್ ಕೊಟ್ಟು ಡಿಕ್ಷನರಿಗೆ ಹಾಕಿದ್ದಾರೆ. ಕನ್ನಡದಲ್ಲಿ ಹೂಂ, ಉಹೂಂ, ಛೆ, ಥೂ ಎಲ್ಲಕ್ಕೂ ಅಕ್ಷರ ಇದೆ, ಗಂಟಲು ಸರಿಮಾಡೋ ಸದ್ದಿಗೆ ಮಾತ್ರ ಗಟ್ಟಿಯಾಗಿ ನಿಂತ ಸ್ಪೆಲಿಂಗ್ ಇಲ್ಲ, ನಾವು ಕಥೆ ಬರೆಯುವಾಗ ‘ಸಣ್ಣಗೆ ಕೆಮ್ಮಿದರು’ ಅಂತ ವರ್ಣಿಸಿ ಮುಂದೆ ಹೋಗ್ತೀವಿ. ಅವರು ಸದ್ದನ್ನೇ ಬರೀತಾರೆ. ಹಳೇ ರೂಪ ‘ಹೆಮ್’. ಷೇಕ್ಸ್‌ಪಿಯರ್ ಕಾಲಕ್ಕೇ ಅದು ಚಲಾವಣೆಯಲ್ಲಿತ್ತು, ‘ಒಥೆಲೋ’ ನಾಟಕದ ನಾಲ್ಕನೇ ಅಂಕದಲ್ಲಿ ಒಥೆಲೋ ತನ್ನ ಹೆಂಡ್ತಿ ಒಬ್ಬಳ ಹತ್ರನೇ ಮಾತಾಡ್ಬೇಕು ಅಂತ ಅವಳ ಸೇವಕಿ ಎಮಿಲಿಯಾನ ಬಾಗಿಲಾಚೆ ಕಳಿಸ್ತಾ, ಯಾರಾದ್ರೂ ಬಂದ್ರೆ ಕೆಮ್ಮು ಇಲ್ಲಾ ‘ಹೆಮ್’ ಅನ್ನು ಅಂತಾನೆ. ನಮ್ಮಜ್ಜಿ ಮನೆ ಬಚ್ಚಲಿನ ಅದೇ ಕಾನೂನು! ಆದ್ರೆ ಅವನು ಅದನ್ನ ಸೂಳೆಮನೆ ಬಾಗಿಲು ಕಾಯೋಳಿಗೆ ಹೇಳೋ ಧಾಟೀಲಿ ಹೇಳ್ತಾನೆ, ಅಲ್ಲಿರೋದೇ ಅವಮಾನ. ಮಾತು ಹೊಯ್ದಾಡಿಸೋನಿಗೆ ‘ಹೆಮ್ ಆಂಡ್ ಹಾ’ ಮಾಡ್ತಾನೆ ಅಂತಾರಲ್ಲ, ಆ ಹೆಮ್ಮೂ ಇದೇ. ಬಟ್ಟೆ ಅಂಚು ಮಡಿಸಿ ಹೊಲಿಯೋ ಹೆಮ್ಮಿಂಗ್ ಬೇರೆ, ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಒಬ್ಬ ಹುಡುಗ ಕ್ಲಾಸಲ್ಲಿ ಎದ್ದು ಅಹೆಮ್ ಸಂಸ್ಕೃತದ ‘ಅಹಂ’ನಿಂದ ಬಂದಿದ್ದಾ ಸರ್ ಅಂತ ಕೇಳಿದ್ದ, ‘ನಾನಿದೀನಿ’ ಅಂತ ಅರ್ಥ ಅಂತೆ. ಅರ್ಥ ಏನೋ ಚೆನ್ನಾಗೇ ಕೂಡತ್ತೆ, ಆದ್ರೆ ಅಲ್ಲ. ಅದು ಬರೀ ಗಂಟಲಿನ ಸದ್ದಿನ ನಕಲು.

ಈಗ ನಿಮ್ಮ ಕಾಲ್ ವಿಷ್ಯ, ಯಾಕೆ ನಕ್ರು. ಅಹೆಮ್ ಅನ್ನೋದು ಬರೆಯೋಕೆ ಅಂತ ಹುಟ್ಟಿದ ಸ್ಪೆಲಿಂಗು. ಬಾಯಲ್ಲಿ ಮಾಡುವಾಗ ಅದು ಹಾಗಿರಲ್ಲ, ತುಟಿ ಮುಚ್ಕೊಂಡೇ ಗಂಟಲನ್ನ ಒಂದು ಕ್ಷಣ ಬಿಗಿಹಿಡಿದು ಬಿಟ್ಟು, ಎರಡು ತುಂಡಾಗಿ ಸಣ್ಣಗೆ ಬರತ್ತೆ. ನೀವು ಸ್ಪೆಲಿಂಗನ್ನ ಓದಿದ್ರಿ, ‘ಅ’ ‘ಹೆಮ್’ ಅಂತ ಬಿಡಿಸಿ. ಹಾಗೆ ಬಿಡಿಸಿ ಅಂದ್ರೆ ಇಂಗ್ಲಿಷಿನೋರ ಕಿವಿಗೆ ಅದು ನಾಟಕದ ಅಹೆಮ್, ಬೇಕೂಂತ ಹಾಸ್ಯಕ್ಕೆ ಮಾಡೋದು. ನಾಯಿ ಬೊಗಳೋ ಬದಲು ನಿಂತ್ಕೊಂಡು ‘ಬೌ, ಬೌ’ ಅಂತ ಓದಿದ ಹಾಗೆ. ಅವರು ನಿಮ್ಮನ್ನ ನೋಡಿ ನಕ್ಕಿದ್ದಲ್ಲ, ನೀವು ಜೋಕ್ ಮಾಡಿದ್ರಿ ಅಂದ್ಕೊಂಡೇ ನಕ್ಕಿರೋ ಸಾಧ್ಯತೆ ಜಾಸ್ತಿ, ಹಾಗಾಗಿ ಆ ದಿನ ನಿಮ್ಮ ಮರ್ಯಾದೆಗೆ ಒಂದು ಗುಲಗಂಜಿ ಕೂಡಿತೇ ಹೊರತು ಕಳೀಲಿಲ್ಲ.

ಇದೇ ತಾಪತ್ರಯ ಇನ್ನೂ ಕೆಲವಕ್ಕಿದೆ. ಬ್ರಿಟಿಷ್ ಕಾದಂಬರೀಲಿ ಪಾತ್ರಗಳು ತಡವರಿಸುವಾಗ ಇ-ಆರ್ ಅಂತ ಬರ್ದಿರ್ತಾರೆ, ನಾವು ಸ್ಕೂಲಲ್ಲಿ ‘ಎರ್... ಎರ್...’ ಅಂತಲೇ ಓದಿದ್ವಿ, ನಮ್ಮ ಮೇಷ್ಟ್ರೂ ಹಾಗೇ ಓದಿದ್ರು, ಸ್ಕೂಟರ್ ಸ್ಟಾರ್ಟ್ ಆಗದ ಹಾಗೆ. ಅಲ್ಲಿ ಆರ್ ಉಚ್ಚಾರಣೆನೇ ಇಲ್ಲ. ದಕ್ಷಿಣ ಇಂಗ್ಲೆಂಡಿನವರು ಪದದ ಕೊನೇ ಆರ್ ನುಂಗ್ತಾರೆ, ಹಾಗಾಗಿ ಅವರಿಗೆ ಅದು ‘ಅ...’ ಅಷ್ಟೇ. ಅಮೆರಿಕದವರು ಆರ್ ಉಚ್ಚರಿಸೋರು, ಅದಕ್ಕೇ ಅವರು ಅದೇ ಸದ್ದನ್ನ ಯು-ಎಚ್ ಅಂತ ಬರೆದ್ರು. ಎರಡು ಸ್ಪೆಲಿಂಗ್, ಸದ್ದು ಹೆಚ್ಚುಕಮ್ಮಿ ಒಂದೇ. ಇನ್ನು ಟಿ-ಎಸ್-ಕೆ ಅಂತ ಬರೆಯೋದನ್ನ ಎಷ್ಟೋ ಇಂಗ್ಲಿಷಿನೋರೇ ‘ಟಿಸ್ಕ್ ಟಿಸ್ಕ್’ ಅಂತ ಓದ್ತಾರೆ, ಅಸಲಿಗೆ ಅದು ನಾವು ಲೊಚಗುಟ್ಟೋದು, ನಾಲಿಗೆ ಹಲ್ಲಿಗೆ ಒತ್ತಿ ಬಿಡೋ ಸದ್ದು. ಇಲ್ಲೂ ಒಂದು ಹಳ್ಳ ಇದೆ. ಯಾರದ್ದೋ ಸಾವಿನ ಸುದ್ದಿ ಕೇಳಿ ನಾವು ಲೊಚಗುಟ್ಟಿದ್ರೆ ಅದು ಅಯ್ಯೋ ಪಾಪ, ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ‘ಹಿಂಗಾ ಮಾಡೋದು ನೀನು’ ಅನ್ನೋ ಆಕ್ಷೇಪಣೆ. ಕ್ಲೈಂಟ್ ತನ್ನ ಕಷ್ಟ ಹೇಳ್ಕೊಳ್ಳುವಾಗ ದಯವಿಟ್ಟು ಲೊಚಗುಟ್ಟಬೇಡಿ.

ಅಹೆಮ್ ಅಂದ್ರೆ ಎಕ್ಸ್‌ಕ್ಯೂಸ್ ಮಿ ಥರ ವಿನಯದ ಪದ ಅಂತ ಅಂದ್ಕೊಂಡ್ರಿ ನೋಡಿ, ನಿಜವಾದ ಅಪಾಯ ಇರೋದು ಅಲ್ಲಿ. ಎಕ್ಸ್‌ಕ್ಯೂಸ್ ಮಿ ಅಂದ್ರೆ ಕೇಳ್ಕೊಳ್ಳೋದು. ಅಹೆಮ್‌ನಲ್ಲಿ ಕೇಳ್ಕೊಳ್ಳೋದೇನೂ ಇಲ್ಲ, ‘ನಾನು ನೋಡ್ತಾ ಇದೀನಿ’ ಅಂತ ತಿಳಿಸೋದು, ಅದೂ ಬಾಯಿಬಿಟ್ಟು ಹೇಳ್ದೆ. ಅದರ ಮಜಾ ಇರೋದೇ ಇಲ್ಲಿ, ಎದುರಿಗಿದ್ದೋರು ಸಿಟ್ಟಾದ್ರೆ ‘ಅಯ್ಯೋ ನಾನೇನಂದೆ, ಗಂಟಲು ಕಟ್ಟಿತ್ತು’ ಅಂತ ಜಾರ್ಕೋಬಹುದು. ಹಾಗಾಗಿ ಮೇಲಿನೋರು ಕೆಳಗಿನೋರಿಗೆ ಅಂದ್ರೆ ನೆನಪಿಸಿದ ಹಾಗೆ, ಕೆಲವು ಸಲ ಗದರಿದ ಹಾಗೆ, ಸಮಾನರು ಒಬ್ರಿಗೊಬ್ರು ಅಂದ್ರೆ ಕಾಲೆಳೆದ ಹಾಗೆ, ಕೆಳಗಿನೋರು ಮೇಲಿನೋರಿಗೆ ಅಂದ್ರೆ ಅಧಿಕಪ್ರಸಂಗ. ಸೊಸೆ ಹೊಸ್ತಿಲಲ್ಲಿ ನಿಂತು ಮಾವನಿಗೆ ಕೇಳೋ ಹಾಗೆ ಕೆಮ್ಮಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿ.

ಬರವಣಿಗೇಲಿ ಅದಕ್ಕೆ ಇನ್ನೊಂದು ಕೆಲಸ ಇದೆ, ಅದು ಗೊತ್ತಿರ್ಲಿ. ವಾಕ್ಯದ ಮಧ್ಯೆ ಎರಡು ಕಾಮಾ ನಡುವೆ ಬಂದ್ರೆ ಪಕ್ಕದ ಪದ ನಂಬಬೇಡ ಅಂತ ಕಣ್ಣು ಹೊಡೆದ ಹಾಗೆ. ‘ಅವನು, ಅಹೆಮ್, ಆಫೀಸ್ ಕೆಲಸಕ್ಕೆ ಗೋವಾಕ್ಕೆ ಹೋಗಿದಾನೆ’ ಅಂದ್ರೆ ಯಾವ ಕೆಲಸ ಅಂತ ನಿಮಗೇ ಗೊತ್ತು. ಎರಡು ಕಡೆ ನಕ್ಷತ್ರ ಚಿಹ್ನೆ ಹಾಕಿ ‘ಕಾಫ್’ ಅಂತ ಬರೆದು ಮಧ್ಯೆ ಯಾರದ್ದಾದ್ರೂ ಹೆಸರು ತೂರಿಸೋದೂ ಇದೇ ಜಾತಿ, ಕೆಮ್ಮಿನ ಮರೇಲಿ ಹೆಸರು ಹೇಳಿದ್ದು. ಇದು ಸ್ನೇಹಿತರ ಗುಂಪಿಗೆ ಸರಿ, ಆಫೀಸ್ ಮೇಲ್‌ಗೆ ಹಾಕಿದ್ರೆ ಆ ಮೇಲ್ ಯಾರಿಗೆ ಫಾರ್ವರ್ಡ್ ಆಗತ್ತೋ ದೇವರೇ ಬಲ್ಲ. ‘ಹರಂಫ್’ ಅಂತ ಒಂದಿದೆ, ಮೀಸೆ ತಿರುವೋ ಮುದುಕಪ್ಪ ಅಸಮಾಧಾನದಿಂದ ಗಂಟಲಲ್ಲಿ ಗುರ್ ಅನ್ನೋದು. ಅದನ್ನ ಓದಿದ್ರೆ ಅರ್ಥ ಆದ್ರೆ ಸಾಕು, ನೀವು ಬಳಸೋ ಸಂದರ್ಭ ಬರಲ್ಲ.

ನಿಮ್ಮ ‘ಹ್ಮ್’ ಕಥೆ ಇದಕ್ಕಿಂತ ಸ್ವಾರಸ್ಯದ್ದು, ಯಾಕಂದ್ರೆ ನೀವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡ್ತಾ ಇದೀರಿ. ಎಚ್-ಎಂ-ಎಂ ಅಂತ ನೀವು ಒತ್ತುವಾಗ ನಿಮ್ಮ ಮನಸ್ಸಲ್ಲಿರೋದು ನಮ್ಮ ‘ಹೂಂ’, ಸರಿ, ಆಯ್ತು, ಕೇಳಿಸ್ಕೊಂಡೆ ಅಂತ. ಚಿಕ್ಕೋರಿದ್ದಾಗ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟಬೇಕಿತ್ತು, ನಿಲ್ಲಿಸಿದ್ರೆ ‘ಮಲಗಿದ್ಯೇನೋ’ ಅಂತ ಅವಳೂ ನಿಲ್ಲಿಸೋಳು, ಆ ಅಭ್ಯಾಸ ನಮ್ಮ ಬೆರಳಿಗೂ ಬಂದಿದೆ. ಇಂಗ್ಲಿಷಿನೋರು ಅದೇ ಅಕ್ಷರ ನೋಡಿದ್ರೆ ‘ಇದ್ಯಾಕೋ ಸರಿ ಕಾಣ್ತಿಲ್ಲ, ಯೋಚ್ನೆ ಮಾಡ್ಬೇಕು’ ಅಂತ ಓದ್ಕೋತಾರೆ. ಅವರು ‘ಡೆಡ್‌ಲೈನ್ ಶುಕ್ರವಾರ’ ಅಂತಾರೆ, ನೀವು ‘ಹ್ಮ್’ ಅಂತೀರಿ, ಅವರಿಗೆ ಅನ್ಸೋದು ಈ ಹುಡುಗಿ ಶುಕ್ರವಾರ ಕೊಡಲ್ಲ ಅಂತ.

ಬಾಯಲ್ಲಿ ಹೇಳುವಾಗ ಇನ್ನೂ ಫಜೀತಿ. ಇಂಗ್ಲಿಷಲ್ಲಿ ಹೌದು ಅನ್ನೋಕೆ ‘ಅಹ್‌ಹಾ’ ಇಲ್ಲಾ ‘ಮ್‌ಹ್ಮ್’, ಮಧ್ಯೆ ಹ-ಕಾರ ಬರತ್ತೆ. ಇಲ್ಲ ಅನ್ನೋಕೆ ‘ಅ-ಅ’, ಮಧ್ಯೆ ಹ-ಕಾರ ಇಲ್ಲ, ಗಂಟಲು ಟಕ್ ಅಂತ ಕಟ್ಟತ್ತೆ. ನಮ್ಮಲ್ಲಿ? ‘ಉಹೂಂ’. ಮಧ್ಯೆ ಹ-ಕಾರ ಇದೆ, ಅರ್ಥ ಇಲ್ಲ! ಅಂದ್ರೆ ಅವರ ಹೌದು ನಮ್ಮ ಕಿವಿಗೆ ಇಲ್ಲ ಅಂತ ಬೀಳೋಕೆ ಎಲ್ಲಾ ಅನುಕೂಲ ಇದೆ. ನನ್ನ ಹತ್ರ ತರಬೇತಿಗೆ ಬಂದಿದ್ದ ಹಾಸನದ ಕಡೆ ಹುಡುಗ ಅಮೆರಿಕದ ಗ್ರಾಹಕರೊಬ್ಬರನ್ನ ‘ಈ ಕಂಪ್ಲೇಂಟ್ ಕ್ಲೋಸ್ ಮಾಡ್ಲಾ ಮೇಡಂ?’ ಅಂತ ಕೇಳಿದಾನೆ, ಆ ಕಡೆಯಿಂದ ‘ಮ್‌ಹ್ಮ್’. ಇವನು ಉಹೂಂ ಅಂತ ಕೇಳಿಸ್ಕೊಂಡು ‘ಇನ್ನೇನು ತೊಂದ್ರೆ ಇದೆ ಹೇಳಿ’ ಅಂತ ಮತ್ತೆ ಮೊದಲಿಂದ ಶುರು ಮಾಡಿದಾನೆ, ಆಕೆ ಮತ್ತೆ ‘ಮ್‌ಹ್ಮ್’. ಮೂರನೇ ಸಲ ಫೋನ್ ಇಟ್ಟುಬಿಟ್ರಂತೆ. ಅವನು ತನ್ನ ಇಂಗ್ಲಿಷೇ ಸರಿ ಇಲ್ಲ ಅಂತ ಕೊರಗ್ತಿದ್ದ, ರೆಕಾರ್ಡಿಂಗ್ ಕೇಳಿದ್ರೆ ಇಂಗ್ಲಿಷ್ ಅಚ್ಚುಕಟ್ಟಾಗೇ ಇತ್ತು. ಅಂದ ಹಾಗೆ ಅಮೆರಿಕದಲ್ಲಿ ಎಷ್ಟೋ ಜನ ನೀವು ಥ್ಯಾಂಕ್ಸ್ ಹೇಳಿದ್ರೂ ‘ಮ್‌ಹ್ಮ್’ ಅಂತಾರೆ, ಯೂ ಆರ್ ವೆಲ್‌ಕಂ ಬದಲು. ಅದನ್ನ ಅಹಂಕಾರ ಅಂದ್ಕೋಬೇಡಿ.

ಈ ಸದ್ದುಗಳೆಲ್ಲ ಲೋಕಕ್ಕೆಲ್ಲ ಒಂದೇ ಅನ್ನೋ ನಂಬಿಕೆಯಿಂದ್ಲೇ ಇಷ್ಟೆಲ್ಲ ಆಗೋದು. ಒಂದೇ ಒಂದು ಮಾತ್ರ ಹತ್ತಿರ ಹತ್ತಿರ ಎಲ್ಲಾ ಕಡೆ ಒಂದೇ ಥರ ಇರೋ ಹಾಗೆ ಕಾಣತ್ತೆ, ಕೇಳಿಸದೇ ಇದ್ದಾಗ ‘ಹಾ?’ ಅನ್ನೋದು, ನಮ್ಮ ‘ಆಂ?’. ಮಾರ್ಕ್ ಡಿಂಗೆಮಾನ್ಸ ಅನ್ನೋ ಭಾಷಾವಿಜ್ಞಾನಿ ಮತ್ತೆ ಅವರ ಜೊತೆಗಾರರು 2013ರಲ್ಲಿ 31 ಭಾಷೆ ಹೋಲಿಸಿ ಇದನ್ನ ತೋರಿಸಿದ್ರು, 2015ರಲ್ಲಿ ಅದಕ್ಕೆ ಇಗ್ ನೊಬೆಲ್ ಬಹುಮಾನನೂ ಬಂತು, ನಗಿಸಿ ಆಮೇಲೆ ಯೋಚ್ನೆಗೆ ಹಚ್ಚೋ ಸಂಶೋಧನೆಗೆ ಕೊಡ್ತಾರಲ್ಲ ಅದು. ಆದ್ರೆ ಬಾಸಿಗೆ ‘ಹಾ?’ ಅನ್ನಬೇಡಿ. ಅರ್ಥ ಆಗತ್ತೆ, ಮರ್ಯಾದೆ ಇರಲ್ಲ, ಮನೇಲಿ ದೊಡ್ಡೋರಿಗೆ ‘ಆಂ?’ ಅಂದ್ರೆ ಆಗೋದೇ ಇಲ್ಲೂ. ‘ಸಾರಿ?’ ಅಂತ ದನಿ ಏರಿಸಿ ಕೇಳಿದ್ರೆ ಸಾಕು.

ಫಿಲ್ಲರ್ಸ್, ಅಂದ್ರೆ ಮಾತಿನ ಮಧ್ಯೆ ತುಂಬೋ ಅ, ಅಮ್ ಥರದ ಸದ್ದು, ಅವುಗಳ ಬಗ್ಗೆ ನಿಮ್ಮ ಲೀಡ್ ಬರೆದಿದ್ದು ಅರ್ಧ ಸರಿ. ಅ, ಅಮ್ ಅಂದ್ರೆ ಇಂಗ್ಲಿಷ್ ಬರಲ್ಲ ಅಂತ ಅರ್ಥ ಅನ್ನೋದು ಶುದ್ಧ ಸುಳ್ಳು, ಇಂಗ್ಲೆಂಡಿನಲ್ಲೇ ಹುಟ್ಟಿದೋರೂ ದಿನವಿಡೀ ಅನ್ನೋದೇ ಅದು. ಹರ್ಬರ್ಟ್ ಕ್ಲಾರ್ಕ್ ಮತ್ತೆ ಜೀನ್ ಫಾಕ್ಸ್ ಟ್ರೀ ಅನ್ನೋ ಇಬ್ಬರು 2002ರಲ್ಲಿ ಮುಖ್ಯವಾಗಿ ಬ್ರಿಟಿಷರ ಮಾತುಕತೆಯ ರೆಕಾರ್ಡುಗಳನ್ನ ಜಾಲಾಡಿ ‘ಅ’ ಅಂದ್ರೆ ಸ್ವಲ್ಪ ತಡ ಆಗತ್ತೆ, ‘ಅಮ್’ ಅಂದ್ರೆ ಇನ್ನೂ ಜಾಸ್ತಿ ತಡ ಆಗತ್ತೆ ಅಂತ ಕೇಳೋರಿಗೆ ಕೊಡೋ ಸೂಚನೆ ಅಂತ ವಾದಿಸಿದ್ರು, ಅವು ಪದಗಳೇ ಅಂತಲೂ ಅಂದ್ರು. ಎಲ್ರೂ ಒಪ್ಪಿಲ್ಲ, ನಾನು ಮಾತ್ರ ಕ್ಲಾಸ್‌ರೂಮಲ್ಲಿ ಕೇಳಿದ್ರ ಮೇಲೆ ಒಪ್ತೀನಿ. ಮೌನವಾಗಿದ್ರೆ ಮಾತು ಮುಗೀತು ಅಂದ್ಕೊಂಡು ಇನ್ನೊಬ್ರು ಬಾಯಿ ಹಾಕ್ತಾರೆ, ಅಮ್ ಅಂದ್ರೆ ‘ತಾಳಿ, ಇನ್ನೂ ನನ್ನ ಸರದಿ’ ಅಂತ ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ.

ನಿಮ್ಮ ಕೇಸಲ್ಲಿ ಆಗಿರೋದು ಬಹುಶಃ ಬೇರೆ. ನಾವು ಇಂಗ್ಲಿಷ್ ಮಾತಾಡುವಾಗ ತಡವರಿಸೋದು ಕನ್ನಡದಲ್ಲೇ, ‘ಆ...’ ಅಂತ ಉದ್ದಕ್ಕೆ ಎಳೀತೀವಿ, ಮಧ್ಯೆ ‘ಅದೂ’, ‘ಏನಂದ್ರೆ’, ‘ಮತ್ತೆ’ ಇಣುಕತ್ತೆ. ಫ್ರೆಂಚರದ್ದು ಬೇರೆ, ಜಪಾನೀಯರದ್ದು ಬೇರೆ, ತಡವರಿಸೋಕೂ ಒಂದೊಂದು ಭಾಷೆಗೆ ಒಂದೊಂದು ದನಿ. ಅವರ ಕಿವಿಗೆ ನಮ್ಮ ‘ಆ...’ ಪರಿಚಯ ಇಲ್ಲದ್ದು, ಅದಕ್ಕೆ ಎದ್ದು ಕಾಣತ್ತೆ. ಭಾಷಣ ಮಾಡೋದು ಅಭ್ಯಾಸ ಮಾಡ್ಸೋ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ‘ಆ-ಕೌಂಟರ್’ ಅಂತ ಒಬ್ಬರನ್ನ ಕೂರಿಸ್ತಾರೆ, ಯಾರು ಎಷ್ಟು ಆ-ಊ ಅಂದ್ರು ಅಂತ ಎಣಿಸೋದೇ ಅವರ ಕೆಲಸ. ಬೆಂಗಳೂರಲ್ಲೂ ಬೇಕಾದಷ್ಟು ಕ್ಲಬ್ ಇವೆ, ಹೋಗಿ ನೋಡಬಹುದು, ಆದ್ರೆ ಎಣಿಸ್ತಾರೆ ಅನ್ನೋ ಭಯಕ್ಕೇ ಬಾಯಿ ಕಟ್ಟಿಹೋದೋರನ್ನೂ ನೋಡಿದೀನಿ. ಅದಕ್ಕಿಂತ ಮುಂಚೆ ಒಂದು ಮಾಡಿ, ಫೋನಲ್ಲಿ ಐದು ನಿಮಿಷ ನಿಮ್ಮ ಕೆಲಸದ ಬಗ್ಗೆ ಇಂಗ್ಲಿಷಲ್ಲಿ ಮಾತಾಡಿ ರೆಕಾರ್ಡ್ ಮಾಡ್ಕೊಂಡು ಕೇಳಿ. ಆ... ಬರೋದು ಸಾಮಾನ್ಯವಾಗಿ ವಾಕ್ಯದ ಶುರುನಲ್ಲಿ. ಅಲ್ಲಿ ಬಾಯಿ ಮುಚ್ಚಿ ಒಂದು ಉಸಿರು ತಗೊಂಡ್ರೆ ಅರ್ಧಕ್ಕರ್ಧ ಹೋಗತ್ತೆ. ಪೂರ್ತಿ ತೆಗೆಯೋಕೆ ಹೋಗ್ಬೇಡಿ, ಒಂದೂ ಇಲ್ಲದಿದ್ರೆ ನ್ಯೂಸ್ ಓದೋರ ಥರ ಕೇಳಿಸತ್ತೆ.

ಇನ್ನು ಮೀಟಿಂಗ್‌ನಲ್ಲಿ ಮಧ್ಯೆ ಬಾಯಿ ಹಾಕೋಕೆ. ‘ಸಾರಿ, ಕ್ಯಾನ್ ಐ ಜಸ್ಟ್ ಕಮ್ ಇನ್ ಹಿಯರ್’ ಅನ್ನೋದು ಬ್ರಿಟಿಷರ ಹತ್ರ ಕಣ್ಣುಮುಚ್ಚಿ ಹೇಳಬಹುದು. ಅದರ ಸಮಸ್ಯೆ ಅಂದ್ರೆ ಮೆತ್ತಗೆ ಹೇಳಿದ್ರೆ ಯಾರಿಗೂ ಕೇಳಿಸಲ್ಲ, ಗಟ್ಟಿಯಾಗಿ ಹೇಳಿ ನಿಲ್ಲಿಸ್ದೆ ವಿಷಯಕ್ಕೆ ಬಂದುಬಿಡಿ. ಕೈ ಎತ್ತೋ ಬಟನ್ ಒತ್ತಿದ್ರೆ ಮರ್ಯಾದೆ, ಆದ್ರೆ ನಡೆಸೋರು ಸ್ಕ್ರೀನ್ ಷೇರ್ ಮಾಡ್ತಿದ್ರೆ ಅದನ್ನ ನೋಡೋದೇ ಇಲ್ಲ, ನಿಮ್ಮ ಕೈ ಮೇಲೇ ಇರತ್ತೆ. ಮೈಕ್ ಆನ್ ಮಾಡಿ ನಿಜವಾಗ್ಲೂ ಸಣ್ಣಗೆ ಗಂಟಲು ಸರಿಮಾಡೋದು ಎದುರಾಬದುರು ಕೂತಾಗ ಕೆಲಸ ಮಾಡತ್ತೆ, ಆನ್‌ಲೈನಲ್ಲಿ ಯಾರು ಕೆಮ್ಮಿದ್ದು ಅಂತಲೇ ಗೊತ್ತಾಗಲ್ಲ, ಮೇಲಾಗಿ ಎಷ್ಟೋ ಸಾಫ್ಟ್‌ವೇರು ಅದನ್ನ ಗಲಾಟೆ ಅಂತ ಸೋಸಿಬಿಡತ್ತೆ. ಚಾಟಲ್ಲಿ ಹ್ಮ್ ಬದಲು ‘ಗಾಟ್ ಇಟ್’, ‘ವಿಲ್ ಡೂ’. ಅಟ್ಯಾಚ್‌ಮೆಂಟ್ ಮರೆತು ಅಹೆಮ್ ಬಂದ್ರೆ ‘ಊಪ್ಸ್, ಸಾರಿ, ಹಿಯರ್ ಇಟ್ ಈಸ್’, ಅಷ್ಟೇ, ಅವರು ಹಗುರವಾಗಿ ಎಸೆದಿದ್ದನ್ನ ನೀವು ಹಗುರವಾಗೇ ಹಿಡೀಬೇಕು.

ಒಂದು ಮಾತು, ನನ್ನ ಕ್ಷೇತ್ರ ಅಲ್ಲ, ಆದ್ರೂ ಪಾಠ ಮಾಡೋನಾಗಿ ಅನುಭವಿಸಿದೀನಿ. ಕಾಲ್‌ಗೆ ಮುಂಚೆ ಟೆನ್ಷನ್ನಿಗೆ ಪದೇಪದೇ ಗಂಟಲು ಕೆರೆಯೋ ಅಭ್ಯಾಸ ಇದ್ರೆ ಬಿಡಿ. ಪ್ರತೀ ಸಲ ಧ್ವನಿತಂತುಗಳು ಒಂದಕ್ಕೊಂದು ಬಡ್ಕೊಳ್ತವೆ, ಉರಿ ಜಾಸ್ತಿ ಆಗತ್ತೆ, ಕಫ ಇದ್ದ ಹಾಗನ್ಸತ್ತೆ, ಮತ್ತೆ ಕೆರೀತೀವಿ. ಒಂದು ಗುಟುಕು ನೀರು ಕುಡಿದು ನುಂಗಿ. ಆದ್ರೂ ವಾರಗಟ್ಟಲೆ ನಿಲ್ಲದಿದ್ರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ, ಆ್ಯಸಿಡಿಟಿಯಿಂದ್ಲೂ ಹಾಗಾಗತ್ತೆ, ಕೆಲವು ಬಿಪಿ ಮಾತ್ರೆಗಳಿಂದ್ಲೂ ಒಣಕೆಮ್ಮು ಬರತ್ತೆ.

ಕೊನೇ ಪ್ರಶ್ನೆ, ನೀವೂ ಅಹೆಮ್ ಅನ್ನಬಹುದಾ. ಈಗ್ಲೇ ಬೇಡ. ಅವರು ನಿಮ್ಮ ಜೊತೆ ಇನ್ನೂ ಎರಡು ಮೂರು ಸಲ ಹೀಗೆ ಕಾಲೆಳೀಲಿ, ನೀವೂ ಊಪ್ಸ್ ಅಂತ ನಗ್ತಾ ಉತ್ತರ ಕೊಡಿ, ಅಷ್ಟೊತ್ತಿಗೆ ಇಬ್ಬರ ಮಧ್ಯೆ ಸಲಿಗೆ ಕುದುರಿರತ್ತೆ. ಆಮೇಲೆ ಅವರೇ ಅಟ್ಯಾಚ್‌ಮೆಂಟ್ ಮರೆತ ದಿನ, ಬೇರೆ ಯಾರೂ ಸಿಸಿಯಲ್ಲಿಲ್ಲ ಅಂತ ಎರಡು ಸಲ ನೋಡ್ಕೊಂಡು, ಅವರು ಬರೆದಿದ್ದ ಅದೇ ಸಾಲನ್ನ ಹಾಗೇ ವಾಪಸ್ ಕಳಿಸಿ, ಪಕ್ಕದಲ್ಲಿ ಒಂದು ಸ್ಮೈಲಿ. ಅಹೆಮ್ ಆದ್ಮೇಲೆ ಒಂದೇ ಚುಕ್ಕಿ ಇಡಿ, ನಾವು ಎಲ್ಲಾ ಕಡೆ ಸುರಿಯೋ ಹಾಗೆ ಮೂರು ಚುಕ್ಕಿ ಇಟ್ರೆ ಏನೋ ಬೇಜಾರಾಗಿದೆ ಅಂತ ಅವರು ನಿದ್ದೆಗೆಡ್ತಾರೆ.